ಬಿಳಿ ಒಂದಕ್ಕೆ ಕೂಡಿಸಿದ ಯುಕುಲೇಲಿ

ಯುಕುಲೇಲಿ ಕಲಿಯಲು ಹೊರಟವರಿಗೆ ಮೊದಲ ವಾರ ಎದುರಾಗುವುದು ಹಾಡಲ್ಲ, ಸಡಿಲ ತಂತಿ. ಪೆಟ್ಟಿಗೆ ಬಿಚ್ಚಿದಾಗ ನಾಲ್ಕೂ ನೈಲಾನ್ ತಂತಿಗಳು ಜೋತು ಬಿದ್ದಿರುತ್ತವೆ. ಬಿರಡೆ ತಿರುವಿ ಒಂದೊಂದನ್ನೇ ಏರಿಸುತ್ತ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಅಂಗಡಿಯವ ಟೋಪಿ ಹಾಕಿದ ಎಂದು ಮನೆಮಂದಿ ತೀರ್ಪು ಕೊಡುವುದು ಇದೇ ಹೊತ್ತಿಗೆ. ಪಾಪ, ಅವನ ತಪ್ಪೇನಿಲ್ಲ. ಹೊಸ ನೈಲಾನು ಎಳೆದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ಸ್ವರ ಇಳಿಯುತ್ತದೆ. ದಿನಾ ಏರಿಸುತ್ತ ಹೋದರೆ ಒಂದೆರಡು ವಾರದಲ್ಲಿ ಅದರ ಹಿಗ್ಗುವ ಹಟ ಮುಗಿದು ತಂತಿ ನಿಲ್ಲುತ್ತದೆ. ಅಲ್ಲಿಯತನಕ ಬಾರಿಸುವುದಕ್ಕಿಂತ ಕೂಡಿಸುವುದೇ ಹೆಚ್ಚು. ಬಹಳ ಮಕ್ಕಳು ಬೇಸತ್ತು ವಾದ್ಯವನ್ನು ಅಟ್ಟಕ್ಕೆ ಏರಿಸುವುದೂ ಆಗಲೇ.

ಗದಗ-ಬೆಟಗೇರಿಯ ಓಣಿಗಳಲ್ಲಿ ಈಗ ಈ ಪುಟ್ಟ ವಾದ್ಯ ಕಾಣತೊಡಗಿದೆ. ಗಿಟಾರಿಗಿಂತ ಅಗ್ಗ, ಬೆರಳಿಗೆ ನೋವು ಕಡಿಮೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು. ತಂತಿಗಳ ಹೆಸರು ಜಿ, ಸಿ, ಇ, ಎ. ಆದರೆ ನಮ್ಮೂರಿನ ಪೇಟಿ ಮಾಸ್ತರರಿಗೆ ಆ ನಾಲ್ಕು ಅಕ್ಷರ ಹೇಳಿದರೆ ಅವರು ಕೇಳುವ ಪ್ರಶ್ನೆಯೇ ಬೇರೆ: ‘ಯಾವ ಪಟ್ಟಿ?’ ಸಿ ಎಂದರೆ ಪೇಟಿಯ, ಅಂದರೆ ಹಾರ್ಮೋನಿಯಂನ, ಬಿಳಿ ಒಂದು. ಅದನ್ನು ಷಡ್ಜ ಎಂದು ಹಿಡಿದರೆ ಯುಕುಲೇಲಿಯ ನಾಲ್ಕು ತಂತಿಗಳು ಪ, ಸ, ಗ, ಧ ಆಗುತ್ತವೆ. ಬರಿಗೈಯಲ್ಲಿ ಒಮ್ಮೆ ಸವರಿದರೆ ಭೂಪ ರಾಗದ ಸ್ವರಗಳಲ್ಲಿ ರಿಷಭವೊಂದನ್ನು ಬಿಟ್ಟು ಉಳಿದವೆಲ್ಲ ಕೇಳುತ್ತವೆ. ತಂಬೂರಿಯ ತಂತಿಗಳೂ ಪ, ಸ ಎಂದೇ ಶುರುವಾಗುತ್ತವೆ ಎಂಬುದನ್ನು ಗಮನಿಸಿ. ಒಂದು ವ್ಯತ್ಯಾಸವಿದೆ. ತಂಬೂರಿಯ ಪಂಚಮ ಜೋಡಿ ಷಡ್ಜಕ್ಕಿಂತ ಕೆಳಗಿನದು, ಯುಕುಲೇಲಿಯದು ಮೇಲಿನದು. ಮೇಲಿನಿಂದ ಕೆಳಕ್ಕೆ ಕೈ ಆಡಿಸಿದಾಗ ಮೊದಲ ತಂತಿಯೇ ಎತ್ತರದ ಸ್ವರ ಕೊಡುವುದರಿಂದ ಗಿಟಾರ್ ಬಲ್ಲವರಿಗೂ ಮೊದಮೊದಲು ದಿಕ್ಕು ತಪ್ಪುತ್ತದೆ. ಆ ತಂತಿಯನ್ನು ಒಂದು ಸಪ್ತಕ ಕೆಳಗೆ ಕೂಡಿಸಲು ಹೋಗಿ ತಂತಿ ಪೂರ್ತಿ ಸಡಿಲ ಮಾಡಿಕೊಂಡವರೂ ಇದ್ದಾರೆ. ಮೇಲೆ ಒಯ್ಯಲು ಹೋಗಿ ಹರಿದುಕೊಂಡವರೂ ಇದ್ದಾರೆ.

ವಾದ್ಯ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ. 1879ರ ಆಗಸ್ಟಿನಲ್ಲಿ ಪೋರ್ಚುಗಲ್‌ನ ಮಡೀರಾದಿಂದ ಕಬ್ಬಿನ ತೋಟದ ದುಡಿಮೆಗೆಂದು ಹೊನೊಲುಲುವಿಗೆ ಬಂದ ಹಡಗಿನಲ್ಲಿ ಮೂವರು ಬಡಗಿಗಳಿದ್ದರು. ಮೇಜು ಕುರ್ಚಿ ಮಾಡುವ ಅವರ ಕೈ ತಮ್ಮೂರಿನ ಚಿಕ್ಕ ತಂತಿವಾದ್ಯವನ್ನು ಅಲ್ಲಿಯ ಕಟ್ಟಿಗೆಯಲ್ಲಿ ಮಾಡಿತು. ನಮ್ಮ ತಂಬೂರಿಯ ತವರಾದ ಮಿರಜದ ಕತೆಯೂ ಇದೇ ತರಹದ್ದು. ಅಲ್ಲಿ ಸಿತಾರು, ತಂಬೂರಿ ಮಾಡಲು ಕೂತ ಮೊದಲ ಮನೆತನದವರು ಕತ್ತಿ, ಈಟಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಕತ್ತಿಗೆ ಗಿರಾಕಿ ಇಲ್ಲವಾದಾಗ ಅವರು ಪಂಢರಪುರದ ಕಡೆಯ ಸೋರೆ ಬುರುಡೆಗೆ ಕೈ ಹಚ್ಚಿದರು. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಜಿಲ್ಲೆಗೆ ಮಿರಜ ಹೊರಗಿನ ಊರೇನಲ್ಲ. ಸಂಸ್ಥಾನಗಳು ಮುಗಿಯುವತನಕ ಲಕ್ಷ್ಮೇಶ್ವರ ಇದ್ದದ್ದು ಮಿರಜದ ಪಟವರ್ಧನರ ಕೈಯಲ್ಲಿ, ಶಿರಹಟ್ಟಿ ಸಾಂಗ್ಲಿಯವರ ಕೈಯಲ್ಲಿ.

ಈಗಿನ ಕಲಿಕೆ ಬಹಳ ಸಲೀಸು. ವಾದ್ಯದ ತಲೆಗೆ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ಟ್ಯೂನರ್ ಸಿಗುತ್ತದೆ, ಮೊಬೈಲಿನಲ್ಲಿ ಪುಕ್ಕಟೆ ಆ್ಯಪ್‌ಗಳಿವೆ. ಕ್ಲಿಪ್ಪು ಕಟ್ಟಿಗೆಯ ಕಂಪನವನ್ನೇ ಹಿಡಿಯುವುದರಿಂದ ಪಕ್ಕದಲ್ಲಿ ಮಗ್ಗ ಸದ್ದು ಮಾಡುತ್ತಿದ್ದರೂ ಅದು ಕಂಗೆಡುವುದಿಲ್ಲ. ಮಗ್ಗಗಳ ಊರಾದ ಬೆಟಗೇರಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಮುಳ್ಳು ಎಡಕ್ಕಿದ್ದರೆ ಸ್ವರ ಇಳಿದಿದೆ, ಬಲಕ್ಕಿದ್ದರೆ ಏರಿದೆ, ನಡುವೆ ನಿಂತರೆ ಹಸಿರು. ಇಷ್ಟರಲ್ಲೂ ಒಂದು ಮರ್ಮವಿದೆ. ಸ್ವರಕ್ಕೆ ಯಾವಾಗಲೂ ಕೆಳಗಿನಿಂದ ಏರಿ ಬರಬೇಕು. ಹೆಚ್ಚಾಯಿತೆಂದು ಮೇಲಿನಿಂದ ಇಳಿಸಿ ಹಸಿರಿನ ಮೇಲೆ ನಿಲ್ಲಿಸಿದರೆ ತಂತಿಯ ಸಡಿಲು ಬಿರಡೆಯ ಹಲ್ಲಿನಲ್ಲೋ ಮೇಲಿನ ಗೀರಿನಲ್ಲೋ ಸಿಕ್ಕಿಕೊಂಡು ನಿಂತಿರುತ್ತದೆ. ನಾಲ್ಕು ಸಲ ಮೀಟುವುದರೊಳಗೆ ಅದು ಜಾರಿ ಸ್ವರ ಬೀಳುತ್ತದೆ. ಹೆಚ್ಚಾದಾಗ ಬೇಕಾದದ್ದಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿ ಬರುವುದೇ ದಾರಿ. ತಂಬೂರಿ ಕೂಡಿಸುವವರೂ ಬಿರಡೆಯಲ್ಲಿ ಹೀಗೇ ಮಾಡುತ್ತಾರೆ. ಹೊನೊಲುಲುವಿನವರಿಗೂ ಮಿರಜದವರಿಗೂ ಇದನ್ನು ಯಾರೂ ಒಟ್ಟಿಗೆ ಕೂಡಿಸಿ ಕಲಿಸಿಲ್ಲ.

ಬೆಟಗೇರಿಯ ನಮ್ಮ ಓಣಿಯಲ್ಲಿ ಕಣ್ಣಿಲ್ಲದ ಒಬ್ಬ ಹಿರಿಯರಿದ್ದಾರೆ. ಭಜನೆಗೆ ಪೇಟಿ ಹಿಡಿಯುತ್ತಾರೆ, ಮಕ್ಕಳಿಗೆ ಸರಳೆ, ಅಲಂಕಾರ ಹೇಳಿಕೊಡುತ್ತಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಹೊಸ ಯುಕುಲೇಲಿಯನ್ನು ಅವರ ಮುಂದೆ ತಂದಳು. ಕ್ಲಿಪ್ಪು ಹಚ್ಚಿ ನಾಲ್ಕೂ ತಂತಿ ಸರಿ ಮಾಡಿಕೊಂಡು, “ಅಜ್ಜಾ, ಎಲ್ಲಾ ಹಸಿರು ಬಂತು ನೋಡ್ರಿ” ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

“ಹಸಿರರೆ ಬರಲಿ, ಕೆಂಪರೆ ಬರಲಿ, ನನಗೇನು ತಿಳೀತೈತವಾ ತಂಗಿ. ಬಾರಿಸು, ಕೇಳೂಣು.”

ಬಾರಿಸಿದಳು. ಹಿರಿಯರು ಪೇಟಿ ಮುಟ್ಟಲಿಲ್ಲ. ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೂತರು. “ಪಂಚಮ ಚಲೋ ಐತಿ. ಆ ಮೂರನೇದು ಒಂದು ಗುಂಜಿ ಏರೇತಲ್ಲ?”

“ಇಲ್ರಿ ಅಜ್ಜಾ, ಬರೋಬ್ಬರಿ ನಡುವ ಐತ್ರಿ.”

“ಅದು ಅದರ ಲೆಕ್ಕಾ ಹೇಳೇತಿ, ನಾ ನನ್ನ ಲೆಕ್ಕಾ ಹೇಳೇನಿ.”

ಯಂತ್ರ ಸುಳ್ಳು ಹೇಳಿರಲಿಲ್ಲ. ಹಿರಿಯರೂ ಹೇಳಿರಲಿಲ್ಲ. ಮೂರನೆಯದು ಗಾಂಧಾರ; ಅದರ ತಕರಾರು ಹಳೆಯದು. ಅದಕ್ಕೆ ಬರುವ ಮುಂಚೆ ಈ ಊರಿನಲ್ಲಿ ಇಂಥ ಕಿವಿ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು.

ವೀರೇಶ್ವರ ಪುಣ್ಯಾಶ್ರಮ ಗದಗಿನವರಿಗೆ ಪರಿಚಯಿಸಬೇಕಾದ ಹೆಸರಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಅವರು ಮೊದಲು ಕರ್ನಾಟಕ ಸಂಗೀತ ಕಲಿತರು, ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನಸೂರರ ಮೊದಲ ಹಿಂದೂಸ್ತಾನಿ ಗುರುಗಳೂ ಇದೇ ಬುವಾ. ಹೀಗೆ ತಂಬೂರಿ ಬಂದ ಊರಿನಿಂದಲೇ ಅದನ್ನು ಕೂಡಿಸುವ ಕಿವಿಯೂ ಬಂತು. ಗವಾಯಿಗಳು ಈ ಆಶ್ರಮದಲ್ಲಿ ಕುರುಡು ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊರೆ ಹೊತ್ತವರು ಪುಟ್ಟರಾಜ ಗವಾಯಿಗಳು. ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರು ಹಾಡುವುದರ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿ ನುಡಿಸಿದರು, ನಾಟಕ ಕಂಪನಿ ನಡೆಸಿದರು, ಪುರಾಣಗಳನ್ನು ಬರೆದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಹೋದರು. ಬಸವರಾಜ ರಾಜಗುರುಗಳಂಥವರು ಹಿರಿಯ ಗವಾಯಿಗಳ ಕೈಯಲ್ಲಿ ತಯಾರಾದರೆ, ಎಂ. ವೆಂಕಟೇಶಕುಮಾರರು ಪುಟ್ಟರಾಜರ ಬಳಿ ಹನ್ನೆರಡು ವರ್ಷ ಆಶ್ರಮದ ಅನ್ನ ಉಂಡವರು.

ಈ ಪಟ್ಟಿಯನ್ನು ಕೊಟ್ಟದ್ದು ಅಭಿಮಾನಕ್ಕಲ್ಲ. ಗುರುವಿಗೂ ಕಣ್ಣಿಲ್ಲ, ಎದುರು ಕೂತ ಹುಡುಗನಿಗೂ ಕಣ್ಣಿಲ್ಲ, ನಡುವೆ ನಾಲ್ಕು ತಂತಿಯ ತಂಬೂರಿ. ಹಾಗಿದ್ದಾಗ ತಪ್ಪನ್ನು ತೋರಿಸಲು ಬರುವುದಿಲ್ಲ, ಕೇಳಿಸಲು ಮಾತ್ರ ಬರುತ್ತದೆ. ಕಣ್ಣಿದ್ದವರ ಮನೆಗಳಲ್ಲೂ ಟ್ಯೂನರ್ ಬರುವ ಮುಂಚೆ ಇದೇ ಪದ್ಧತಿ ಇತ್ತು, ನಿಜ. ಗದಗಿನಲ್ಲಿ ಮಾತ್ರ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ.

ತಂಬೂರಿ ಕೂಡಿಸುವುದನ್ನು ಹತ್ತಿರ ಕೂತು ನೋಡದವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಮೊದಲು ಹಾಡುವವರ ಷಡ್ಜ ಯಾವುದೆಂದು ಗೊತ್ತು ಮಾಡಿಕೊಳ್ಳಬೇಕು. ಗಂಡಸರಿಗೆ ಸುಮಾರಾಗಿ ಕರಿ ಒಂದೋ ಎರಡೋ, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಮೇಲೆ. ಹೀಗೆ ಆಳಿಗೊಂದು ಷಡ್ಜ. ನಡುವಿನ ಜೋಡಿ ತಂತಿಗಳಲ್ಲಿ ಒಂದನ್ನು ಆ ಷಡ್ಜಕ್ಕೆ ತಂದು, ಇನ್ನೊಂದನ್ನು ಅದಕ್ಕೆ ಕೂಡಿಸಬೇಕು. ಎರಡೂ ಒಂದೇ ಸ್ವರವಾದ್ದರಿಂದ ಇದು ಸುಲಭ ಅನ್ನಿಸುತ್ತದೆ, ಆದರೆ ಕಲಿಯುವವನ ಬೆವರಿಳಿಸುವುದೇ ಈ ಜೋಡಿ. ಸ್ವಲ್ಪ ಅಂತರವಿದ್ದರೆ ನಾದ ಅಲೆ ಅಲೆಯಾಗಿ ಏಳುತ್ತದೆ, ಬೀಳುತ್ತದೆ. ಸೆಕೆಂಡಿಗೆ ಎರಡು ಕಂಪನ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಎರಡು ಅಲೆ. ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತದೆ, ಒಂದಾದಾಗ ನಿಲ್ಲುತ್ತದೆ. ಸ್ವರದ ಹೆಸರು ಗೊತ್ತಿಲ್ಲದವನೂ ಈ ಅಲೆಯನ್ನು ಕೇಳಬಲ್ಲ, ಅದಕ್ಕೆ ಸಂಗೀತ ಜ್ಞಾನ ಬೇಕಿಲ್ಲ. ಹೊಸಬರಿಗೆ ಮೊದಲ ಪಾಠವಾಗಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಆಮೇಲೆ ಹಿತ್ತಾಳೆಯ ದಪ್ಪ ತಂತಿ, ಖರ್ಜ. ಜೋಡಿಗಿಂತ ಒಂದು ಸಪ್ತಕ ಕೆಳಗೆ. ಕೊನೆಗೆ ಪಂಚಮ. ಪಂಚಮವಿಲ್ಲದ ಮಾಲಕಂಸ ಹಾಡುವುದಿದ್ದರೆ ಅದೇ ತಂತಿ ಮಧ್ಯಮಕ್ಕೆ ಇಳಿಯುತ್ತದೆ, ಮಾರವಾದಂಥ ರಾಗಕ್ಕೆ ನಿಷಾದಕ್ಕೆ ಏರುತ್ತದೆ. ಒಂದು ತಂತಿ ಬಿಗಿದರೆ ಕಾಯಿ ಕೂದಲೆಳೆಯಷ್ಟು ಬಾಗಿ ಉಳಿದವು ಇಳಿಯುತ್ತವೆ, ಹಾಗಾಗಿ ಸುತ್ತು ತಿರುಗಿ ಮೊದಲಿನಿಂದ ನೋಡಬೇಕು. ಬಿರಡೆಯಲ್ಲಿ ಹತ್ತಿರ ತಂದದ್ದನ್ನು ಕುದುರೆಯ ಕೆಳಗಿನ ಮಣಿ ಸರಿಸಿ ನಿಖರ ಮಾಡಬೇಕು. ಬಿರಡೆ ಜಾರಿದರೆ ಸೀಮೆಸುಣ್ಣ ಸವರಬೇಕು. ಏಪ್ರಿಲಿನ ಒಣ ಹವೆಯಲ್ಲಿ ಇದು ದಿನದ ಕೆಲಸ, ಮಳೆಗಾಲದಲ್ಲಿ ಅದೇ ಬಿರಡೆ ಉಬ್ಬಿ ಅಲುಗುವುದಿಲ್ಲ. ಇಷ್ಟಾದಮೇಲೆ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನೆಳೆಯನ್ನು ಹಿಂದೆ ಮುಂದೆ ಸರಿಸಿ ಜವಾರಿ ತೆರೆಯಬೇಕು. ಎಳೆ ಸರಿಯಾದ ಜಾಗಕ್ಕೆ ಬಂದ ಕೂಡಲೇ ಮಂಕಾಗಿದ್ದ ತಂತಿ ಜೇನುಹುಟ್ಟಿನಂತೆ ಗುಂಯ್‌ಗುಡುತ್ತದೆ.

ಜವಾರಿ ತೆರೆದ ತಂಬೂರಿಯಲ್ಲಿ ಯಾವ ತಂತಿಗೂ ಕಟ್ಟದ ಒಂದು ಸ್ವರ ಕೇಳಿಸುತ್ತದೆ. ಅದೇ ಗಾಂಧಾರ. ಖರ್ಜದ ತಂತಿ ತನ್ನ ಷಡ್ಜವೊಂದನ್ನೇ ನುಡಿಯುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟು ಕಂಪನಗಳನ್ನೂ ಜೊತೆಗೆ ನುಡಿಯುತ್ತದೆ. ಆ ಐದು ಪಟ್ಟಿನದು ಗಾಂಧಾರ. ಸಿ. ವಿ. ರಾಮನ್ ಅವರು 1921ರಲ್ಲಿ ವೀಣೆ, ತಂಬೂರಿಗಳ ಮೇಲೆ ಬರೆದ ಪ್ರಬಂಧದಲ್ಲಿ ಇನ್ನೊಂದು ವಿಚಿತ್ರವನ್ನು ಗುರುತಿಸಿದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದಾಗ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎಂಬುದು ಯುರೋಪಿನ ವಿಜ್ಞಾನಿಗಳ ನಿಯಮ; ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತವೆ. ಕಾರಣ ಕುದುರೆಯ ಅಗಲವಾದ, ತುಸು ಬಾಗಿದ ಬೆನ್ನು ಮತ್ತು ಆ ನೂಲಿನೆಳೆ. ನೊಬೆಲ್‌ಗೆ ಇನ್ನೂ ಒಂಬತ್ತು ವರ್ಷ ಇತ್ತು.

ಈಗ ಹಿರಿಯರ ‘ಒಂದು ಗುಂಜಿ’ಗೆ ಬರೋಣ. ಯುಕುಲೇಲಿಯ ಸಿ ತಂತಿ ಸೆಕೆಂಡಿಗೆ 261.6 ಸಲ ಕಂಪಿಸುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರದ ಲೆಕ್ಕ ಷಡ್ಜದ ಒಂದೂಕಾಲು ಪಟ್ಟು, ಅಂದರೆ 327. ಟ್ಯೂನರ್ ಇ ತಂತಿಗೆ ಹಸಿರು ತೋರಿಸುವುದು 329.6ಕ್ಕೆ. ಎರಡೂವರೆ ಕಂಪನ ಹೆಚ್ಚು. ತಂಬೂರಿಯ ಗಾಂಧಾರ ಕೇಳಿ ಬೆಳೆದ ಕಿವಿ ಅದನ್ನು ಬಿಡುವುದಿಲ್ಲ, ಒಳಗೆ ನಡುಕ ಕೇಳುತ್ತದೆ. ಪಂಚಮದಲ್ಲಿ ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ, ಅದಕ್ಕೇ ಹಿರಿಯರು ಪಂಚಮ ಚಲೋ ಐತಿ ಅಂದದ್ದು. ಧೈವತದಲ್ಲಿ ಮತ್ತೆ ಜಗಳ: ಶುದ್ಧ ಲೆಕ್ಕಕ್ಕೆ 436, ಯಂತ್ರದ ಲೆಕ್ಕಕ್ಕೆ 440. ಈ 440 ಎಂಬ ಅಂಕಿಯನ್ನು 1939ರಲ್ಲಿ ಲಂಡನ್ನಿನ ಒಂದು ಸಮ್ಮೇಳನ ಒಪ್ಪಿಕೊಂಡಿತು. ಜಗತ್ತಿನ ಟ್ಯೂನರ್‌ಗಳೆಲ್ಲ ಅದಕ್ಕೆ ನಡೆದುಕೊಳ್ಳುತ್ತವೆ.

ಹಾಗಾದರೆ ಗದಗಿನ ಹುಡುಗಿ ಗಾಂಧಾರವನ್ನು ಎರಡೂವರೆ ಕಂಪನ ಇಳಿಸಿಕೊಳ್ಳಬೇಕೇ? ಇಳಿಸಬಹುದು, ಬರಿಗೈಯಲ್ಲಿ ಸವರಿದಾಗ ಕೇಳಲು ಹಿತವಾಗಿಯೂ ಇರುತ್ತದೆ. ಆದರೆ ಯುಕುಲೇಲಿಯ ಕೊರಳಿನಲ್ಲಿ ಫ್ರೆಟ್‌ಗಳಿವೆ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಬಡಿದು ಕೂಡ್ರಿಸಿದವು. ಒಂದು ತಂತಿ ಇಳಿಸಿದರೆ ಅದರ ಮೇಲಿನ ಎಲ್ಲ ಸ್ವರಗಳೂ ಇಳಿಯುತ್ತವೆ. ಸಿ ಸ್ವರಮೇಳ ಸಿಹಿಯಾದರೆ ಮುಂದಿನ ಎಫ್, ಜಿ ಸ್ವರಮೇಳಗಳು ಹುಳಿಯಾಗುತ್ತವೆ. ಷಡ್ಜ ಬದಲಿಸದ ತಂಬೂರಿಗೆ ಈ ತೊಂದರೆ ಇಲ್ಲ. ಹಾಡಿನ ನಡುವೆ ನೆಲೆ ಬದಲಿಸುತ್ತ ಹೋಗುವ ವಾದ್ಯ ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಸುಳ್ಳು ಹೇಳಿ ಎಲ್ಲರನ್ನೂ ಸಂಭಾಳಿಸಬೇಕಾಗುತ್ತದೆ. ನಮ್ಮ ಹಿರಿಯರೂ ಕಡೆಗೆ ಅದನ್ನೇ ಅಂದರು: “ಹಂಗ ಇರಲಿ ಬಿಡು. ಅದರ ಗಾಂಧಾರ ಅದಕ್ಕ. ಹಾಡುವಾಗ ನಿನ್ನ ಗಾಂಧಾರ ನೀ ಹಾಡು.” ಪೇಟಿ ನುಡಿಸುವವರಿಗೆ ಇದು ಹೊಸ ಸಮಸ್ಯೆಯಲ್ಲ, ಪೇಟಿಯ ಗಾಂಧಾರವೂ ಇದೇ ಏರಿದ ಗಾಂಧಾರ.

ಪೇಟಿಯ ಮೇಲಿನ ಈ ದೂರು ಒಂದು ಕಾಲಕ್ಕೆ ಸರ್ಕಾರದ ತನಕ ಹೋಗಿತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತು, 1971ರವರೆಗೆ ತೆರೆಯಲಿಲ್ಲ. ಅದಕ್ಕೂ ಮುಂಚೆ ಸಾಂಗ್ಲಿಯ ಕೆ. ಬಿ. ದೇವಲರು ಮತ್ತು ಇಂಗ್ಲಿಷ್ ನ್ಯಾಯಾಧೀಶ ಕ್ಲೆಮೆಂಟ್ಸ್ ಕೂಡಿ ಶ್ರುತಿಗಳನ್ನೆಲ್ಲ ಹಿಡಿದಿಡುವ ಪೇಟಿಯೊಂದನ್ನು ಮಾಡಿಸಲು ಹೆಣಗಿದರು. ಅವರ ಅಳತೆಗೆ ಹಾಡಿಕೊಟ್ಟವರು ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು. ಖಾನಸಾಹೇಬರು ತಂಬೂರಿ ಕೂಡಿಸುವುದರಲ್ಲಿ ಹೆಸರಾದವರು, ವಾದ್ಯ ಕೆಟ್ಟರೆ ತಾವೇ ಬಿಚ್ಚಿ ಸರಿಮಾಡುವಷ್ಟು ಬಲ್ಲವರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿದ, ಗದಗಿನ ಮಾಸ್ತರ ಜೋಶಿಯವರ ಆ ಮಗ ಭಜನೆ, ಬ್ಯಾಂಡು ಕೇಳಿದಲ್ಲೆಲ್ಲ ಹಿಂದೆ ಹೋಗಿ ಎಲ್ಲೋ ನಿದ್ದೆ ಹೋಗುತ್ತಿದ್ದ. ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಬೇಕಾಯಿತು. ಕುರ್ತಕೋಟಿಯ ಚನ್ನಪ್ಪನವರು ಆತನಿಗೆ ಮೊದಲ ಪಾಠ ಹೇಳಿದರು. ಗ್ರಾಮಫೋನ್ ತಟ್ಟೆಯಲ್ಲಿ ಖಾನಸಾಹೇಬರ ಠುಮರಿ ಕೇಳಿದ ಹುಚ್ಚಿನಲ್ಲಿ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟ. ಹುಡುಕಿದ್ದು ಗ್ವಾಲಿಯರ್, ಜಲಂಧರದವರೆಗೆ; ಸಿಕ್ಕಿದ್ದು ನಮ್ಮ ಪಕ್ಕದ ಕುಂದಗೋಳದಲ್ಲಿ.

ಶಾಸ್ತ್ರೀಯ ಸಂಗೀತದ ಹಂಗಿಲ್ಲದವರೂ ಈ ಸೀಮೆಯಲ್ಲಿ ಸ್ವರ ಕೂಡಿಸದೆ ಬಾಯಿ ತೆರೆಯುವುದಿಲ್ಲ. ಲಕ್ಷ್ಮೇಶ್ವರದ ಕಡೆಯ ಹಳ್ಳಿಗಳಲ್ಲಿ, ಶಿರಹಟ್ಟಿ ಫಕೀರಸ್ವಾಮಿ ಮಠದ ಜಾತ್ರೆಯಲ್ಲಿ, ಮುಂಡರಗಿಯ ಸೋಮವಾರದ ಭಜನೆಗಳಲ್ಲಿ ಏಕತಾರಿ ಹಿಡಿದವ ಒಂದೇ ತಂತಿಯನ್ನು ಟಿಂಗ್ ಟಿಂಗ್ ಎನಿಸುತ್ತ ತನ್ನ ದನಿಗೆ ತಂದುಕೊಂಡೇ ಪದ ಎತ್ತುತ್ತಾನೆ. ಒಂದೇ ತಂತಿ ಇದ್ದರೆ ಕೂಡಿಸುವುದೇನು ಎಂದು ಕೇಳಬೇಡಿ. ಅದನ್ನು ಕೂಡಿಸುವುದು ಕೊರಳಿಗೆ. ಪೇಟಿಯವ ಪಟ್ಟಿ ಬದಲಿಸಿದರೆ ಏಕತಾರಿಯೂ ಬದಲಾಗಬೇಕು, ದಿಮ್ಮಿನವ ದಿಮ್ಮು ಕಾಸಿಕೊಂಡು ಬರಬೇಕು. ಶಿಶುನಾಳ ಶರೀಫರ ಊರು ಲಕ್ಷ್ಮೇಶ್ವರದಿಂದ ದೂರವಲ್ಲ. ತಂಬೂರಿಯನ್ನೇ ವಸ್ತು ಮಾಡಿಕೊಂಡ ಅವರ ತತ್ವಪದ ಇಲ್ಲಿಯ ಭಜನಾ ಮಂಡಳಿಗಳಿಗೆಲ್ಲ ಬಾಯಿಪಾಠ, ಬಾರಿಸಲು ಬಾರದವನಿಗೆ ಅದರಲ್ಲಿ ಸಿಗುವ ಬೈಗುಳವೂ ಬಾಯಿಪಾಠ. ಅದರ ಒಳಾರ್ಥ ವೇದಾಂತ ಇರಬಹುದು. ಹೊರಗಿನ ಅರ್ಥವೂ ನೂರಕ್ಕೆ ನೂರು ನಿಜ ಎಂದು ಮೊದಲ ವಾರದ ಯುಕುಲೇಲಿ ಕೇಳಿದ ಯಾರಾದರೂ ಒಪ್ಪುತ್ತಾರೆ.

ಹೀಗೆಂದ ಮಾತ್ರಕ್ಕೆ ಟ್ಯೂನರನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಇಲೆಕ್ಟ್ರಾನಿಕ್ ತಂಬೂರಿ ಬಂದಾಗಲೂ ಹಿರಿಯರು ಮೂಗು ಮುರಿದಿದ್ದರು. ಬೆಂಗಳೂರಿನ ರಾಡೆಲ್ ಪೆಟ್ಟಿಗೆ ಇಂದು ಸಾವಿರಾರು ಮನೆಗಳಲ್ಲಿ ಬೆಳಗಿನ ರಿಯಾಜಿಗೆ ಆಸರೆಯಾಗಿದೆ. ಮಿರಜದಿಂದ ತಂಬೂರಿ ತರಿಸುವ ಶಕ್ತಿ ಇಲ್ಲದ ಮನೆಯ ಹುಡುಗನಿಗೂ ಷಡ್ಜ ಸಿಕ್ಕಿದೆ. ನನ್ನ ತಕರಾರು ಒಂದೇ. ಗುಂಡಿ ಒತ್ತಿದರೆ ಕೂಡಿದ ಸ್ವರವೇ ಬರುತ್ತದೆ, ಕೂಡದ ಸ್ವರ ಹೇಗಿರುತ್ತದೆ ಎಂಬುದು ಕೇಳಲು ಸಿಗುವುದೇ ಇಲ್ಲ. ತಪ್ಪಿನ ಪರಿಚಯವಿಲ್ಲದವನು ಸರಿಯನ್ನು ಗುರುತಿಸುವುದು ಹೇಗೆ? ಟ್ಯೂನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಪ್ಪನ್ನು ಕಣ್ಣಿಗೆ ದಾಟಿಸಿಬಿಡುತ್ತದೆ. ಮಗು ಮುಳ್ಳು ನೋಡುತ್ತ ಬಿರಡೆ ತಿರುವುತ್ತದೆ, ತಂತಿ ಏನನ್ನುತ್ತಿದೆ ಎಂಬ ಕಡೆ ಲಕ್ಷ್ಯವೇ ಇರುವುದಿಲ್ಲ. ಇಂಥ ಮಗು ಆರು ತಿಂಗಳಾದರೂ ಕ್ಲಿಪ್ಪಿನ ಸೆಲ್ ಮುಗಿದ ದಿನ ಕೈಕಟ್ಟಿ ಕೂರುತ್ತದೆ.

ಗದಗಿನಲ್ಲಿ ಯುಕುಲೇಲಿ ಕಲಿಯುವವರಿಗೆ ಒಂದು ನಡುದಾರಿ ಇದೆ. ಒಂದೇ ಸ್ವರವನ್ನು ಹೊರಗಿನಿಂದ ಕಡ ತನ್ನಿ. ಟ್ಯೂನರಿನಿಂದಾದರೂ ಸರಿ, ಓಣಿಯ ಭಜನಾ ಮಂಡಳಿಯ ಪೇಟಿಯ ಬಿಳಿ ಒಂದರಿಂದಾದರೂ ಸರಿ. ಪೇಟಿ ಹಳೆಯದಾಗಿ ತುಸು ಏರಿಳಿದಿದ್ದರೂ ಒಬ್ಬರೇ ಬಾರಿಸುವಾಗ ನಷ್ಟವೇನಿಲ್ಲ. ಸಿ ತಂತಿಯನ್ನು, ಅಂದರೆ ಮೇಲಿನಿಂದ ಎರಡನೆಯದನ್ನು, ಅದಕ್ಕೆ ಕೂಡಿಸಿ. ಆಮೇಲೆ ಕ್ಲಿಪ್ಪು ಕಿತ್ತಿಡಿ. ಸಿ ತಂತಿಯನ್ನು ನಾಲ್ಕನೆಯ ಫ್ರೆಟ್‌ನಲ್ಲಿ ಒತ್ತಿದರೆ ಬರುವುದು ಗಾಂಧಾರ. ಬರಿ ಇ ತಂತಿಯನ್ನು ಅದಕ್ಕೆ ಕೂಡಿಸಿ, ಅಲೆ ನಿಲ್ಲುವತನಕ. ಇ ತಂತಿಯ ಮೂರನೆಯ ಫ್ರೆಟ್ ಪಂಚಮ, ಮೇಲಿನ ಜಿ ತಂತಿಯನ್ನು ಅದಕ್ಕೆ. ಇ ತಂತಿಯ ಐದನೆಯ ಫ್ರೆಟ್ ಧೈವತ, ಕೆಳಗಿನ ಎ ತಂತಿಯನ್ನು ಅದಕ್ಕೆ. ತಾಳೆ ನೋಡಬೇಕಿದ್ದರೆ ಸಿ ತಂತಿಯ ಏಳನೆಯ ಫ್ರೆಟ್‌ಗೂ ಬರಿ ಜಿ ತಂತಿಗೂ ಒಂದೇ ಸ್ವರ ಬರಬೇಕು. ಎರಡು ತಂತಿಗಳನ್ನು ಒಟ್ಟಿಗೆ ಮೀಟುವಾಗ ಬಾಯಲ್ಲೂ ಆ ಸ್ವರ ಹಿಡಿಯಿರಿ. ತಂತಿ ತಪ್ಪಿದ್ದು ಕೊರಳಿಗೆ ಕಿವಿಗಿಂತ ಬೇಗ ತಿಳಿಯುತ್ತದೆ. ಫ್ರೆಟ್ ಒತ್ತುವ ಬೆರಳು ತಂತಿಯನ್ನು ಅಡ್ಡಕ್ಕೆ ಎಳೆಯದಂತೆ ನೋಡಿಕೊಳ್ಳಿ, ಹೊಸಬರ ಅರ್ಧ ಲೆಕ್ಕ ತಪ್ಪುವುದು ಅಲ್ಲಿ. ನಾಲ್ಕೂ ಮುಗಿದ ಮೇಲೆ ಬೇಕಾದರೆ ಕ್ಲಿಪ್ಪು ಹಚ್ಚಿ, ಎಲ್ಲಿ ಎಷ್ಟು ತಪ್ಪಿತ್ತು ಎಂದು ನೋಡಿ. ವಾದ್ಯವನ್ನು ಬಿಸಿಲಿನ ಕಿಟಕಿಯ ಹತ್ತಿರ ಇಡಬೇಡಿ, ಗದಗಿನ ಮೇ ತಿಂಗಳಿಗೆ ನೈಲಾನು ನಿಲ್ಲುವುದಿಲ್ಲ. ಬೆಟಗೇರಿಯ ಆ ಹುಡುಗಿ ಈಗ ಮೂರು ತಂತಿ ಕಿವಿಯಿಂದಲೇ ಕೂಡಿಸುತ್ತಾಳೆ, ಎ ತಂತಿಗೆ ಮಾತ್ರ ಇನ್ನೂ ಕ್ಲಿಪ್ಪು ಬೇಕು.